ಜನರಲ್ ತಿಮ್ಮಯ್ಯನವರು: ಬಲ ಮತ್ತು ಸಂಯಮ

ಬೆಂಗಳೂರಿನ ಚರಿತ್ರೆಯಲ್ಲಿ ದಂಡು ಪ್ರದೇಶಕ್ಕೆ ಪ್ರತ್ಯೇಕವಾದ ಸ್ಥಾನವುಂಟು. 1809ರಲ್ಲಿ ಶ್ರೀರಂಗಪಟ್ಟಣದಿಂದ ಹಲಸೂರಿನ ಬಳಿಗೆ ಬಂದು ನೆಲೆಯೂರಿದ ಬ್ರಿಟಿಷ್ ಸೇನೆಯ ಸುತ್ತ ಬೆಳೆದ ಈ ಭಾಗದ ರಿಚರ್ಡ್ಸ್ ಟೌನ್, ಫ್ರೇಜರ್ ಟೌನ್ ಮೊದಲಾದ ಬಡಾವಣೆಗಳು ಇಂದಿಗೂ ಆಂಗ್ಲ ಅಧಿಕಾರಿಗಳ ಹೆಸರುಗಳನ್ನೇ ಹೊತ್ತಿವೆ. ಅದೇ ದಂಡಿನ ರಿಚ್ಮಂಡ್ ರಸ್ತೆಗೆ ಮಾತ್ರ ಕನ್ನಡ ನಾಡಿನ ದಂಡನಾಯಕರೊಬ್ಬರ ಹೆಸರು ಬಂದಿದೆ. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಇವರ ಕೀರ್ತಿಯನ್ನು ಲೋಕವು ರಣರಂಗದ ಗೆಲುವುಗಳಿಂದ ಅಳೆಯುವುದು ರೂಢಿ. ಆದರೆ ಕೈಯಲ್ಲಿರುವ ಬಲವನ್ನು ಯಾವ ಮೇರೆಯೊಳಗೆ ಬಳಸಬೇಕೆಂಬ ವಿವೇಕವೇ ಇವರ ಜೀವನದ ಸಾರವೆಂದು ತೋರುತ್ತದೆ.

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು ಬೆಂಗಳೂರು ದಂಡಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಶಿಕ್ಷಣ ಮುಗಿಸಿ 1926ರಲ್ಲಿ ಸೇನಾಧಿಕಾರಿಯಾದರು. ಪರಕೀಯ ಪ್ರಭುತ್ವದ ಸೇವೆಯಲ್ಲಿರುವುದು ಯುಕ್ತವೇ ಎಂಬ ಸಂದೇಹ ಅವರನ್ನು ಕಾಡದಿರಲಿಲ್ಲ. ಅಲಹಾಬಾದಿನಲ್ಲಿದ್ದಾಗ ಈ ಸಂದೇಹವನ್ನು ಮೋತಿಲಾಲ್ ನೆಹರೂ ಅವರ ಮುಂದಿಟ್ಟರು. ಸ್ವತಂತ್ರ ಭಾರತಕ್ಕೆ ಅನುಭವವುಳ್ಳ ಸೇನಾಧಿಕಾರಿಗಳು ಬೇಕಾಗುವರಾದ್ದರಿಂದ ಸೇನೆಯನ್ನು ಬಿಡಬಾರದೆಂದು ಆ ಹಿರಿಯರು ಹೇಳಿದರು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಅವರ ಅಣ್ಣನು ಆಜಾದ್ ಹಿಂದ್ ಸೇನೆಯನ್ನು ಸೇರಿದರೆ, ತಿಮ್ಮಯ್ಯನವರು ಬರ್ಮಾದ ಅರಕಾನಿನಲ್ಲಿ ಜಪಾನೀಯರೊಡನೆ ಹೋರಾಡುತ್ತಿದ್ದರು. 1945ರ ಕಂಗಾವ್ ಕದನದಲ್ಲಿ ತೋರಿದ ನಾಯಕತ್ವಕ್ಕೆ ಡಿ.ಎಸ್.ಓ. ಪದಕ ದೊರೆಯಿತು. ಅದೇ ವರ್ಷ ಯುದ್ಧಭೂಮಿಯಲ್ಲಿ ಬ್ರಿಗೇಡೊಂದನ್ನು ನಡೆಸಿದ ಮೊದಲ ಭಾರತೀಯರೆಂಬ ಗೌರವವೂ ಅವರದಾಯಿತು.

ಸ್ವಾತಂತ್ರ್ಯಾನಂತರ ಮೋತಿಲಾಲರ ಮಾತು ನಿಜವಾಯಿತು. 1948ರ ಮೇ ತಿಂಗಳಲ್ಲಿ, ಲಡಾಖಿನ ಲೇಹ್‌ಗೆ ಮೊದಲ ಬಾರಿ ಇಳಿದ ಡಕೋಟಾ ವಿಮಾನದಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರು ತಾವೇ ಕುಳಿತಿದ್ದರು. ಅದೇ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೀರಿದ ಜೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿದಾಗ ಶತ್ರುಗಳು ದಿಗ್ಭ್ರಮೆಗೊಂಡರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್ ಮತ್ತು ಕಾರ್ಗಿಲ್‌ಗಳು ಭಾರತದ ವಶವಾಗಿ, ಲೇಹ್‌ನ ಮಾರ್ಗ ತೆರೆಯಿತು.

ಇದಕ್ಕಿಂತಲೂ ಕಠಿಣವಾದ ಪರೀಕ್ಷೆ 1953ರಲ್ಲಿ ಕೊರಿಯಾದಲ್ಲಿ ಒದಗಿತು. ಯುದ್ಧವಿರಾಮದ ನಂತರ ಸ್ವದೇಶಕ್ಕೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಯುದ್ಧಕೈದಿಗಳನ್ನು ಭಾರತೀಯ ರಕ್ಷಣಾ ಪಡೆ ಕಾಯಬೇಕಾಯಿತು. ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಪ್ರತಿಯೊಬ್ಬ ಕೈದಿಯೂ ತನ್ನ ಭವಿಷ್ಯವನ್ನು ನಿರ್ಭಯವಾಗಿ ತಾನೇ ನಿರ್ಧರಿಸಬೇಕೆಂಬುದು ಧ್ಯೇಯವಾಗಿದ್ದರೂ ಶಿಬಿರಗಳೊಳಗೆ ಬೆದರಿಕೆಯೂ ಗಲಭೆಯೂ ತುಂಬಿದ್ದವು. ಕಾವಲು ಪಡೆ ಗುಂಡು ಹಾರಿಸಿ ಕೆಲವು ಕೈದಿಗಳು ಮಡಿದ ಪ್ರಸಂಗಗಳೂ ನಡೆದವು. ಇತ್ತಂಡಗಳವರೂ ಭಾರತವನ್ನು ದೂಷಿಸಿದರು. ಒಪ್ಪಂದದ ಅವಧಿ ಮುಗಿದಾಗ, 1954ರ ಜನವರಿಯಲ್ಲಿ, ಆಯೋಗದಲ್ಲಿ ಒಮ್ಮತವಿರದಿದ್ದುದರಿಂದ ಕೈದಿಗಳನ್ನು ಬಲವಂತದಿಂದ ಎತ್ತಲೂ ಅಟ್ಟದೆ, ಮೊದಲು ಅವರನ್ನು ಹಿಡಿದಿದ್ದ ಪಕ್ಷಗಳಿಗೇ ತಿಮ್ಮಯ್ಯನವರು ಮರಳಿ ಒಪ್ಪಿಸಿದರು. ಯಾರಿಗೂ ಪೂರ್ಣ ತೃಪ್ತಿ ಕೊಡದ ಈ ತೀರ್ಮಾನವು ಅಧಿಕಾರದ ಮೇರೆಯನ್ನು ಮೀರದ ತೀರ್ಮಾನವಾಗಿತ್ತೆಂಬುದು ಗಮನಾರ್ಹ.

1957ರಿಂದ 1961ರವರೆಗೆ ಅವರು ಭಾರತದ ಭೂಸೇನಾ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯವುಂಟಾಗಿ 1959ರಲ್ಲಿ ರಾಜೀನಾಮೆ ಸಲ್ಲಿಸಿದರೂ, ಪ್ರಧಾನಿ ನೆಹರೂ ಅವರ ಮಾತಿಗೆ ಮನ್ನಣೆಯಿತ್ತು ಅದನ್ನು ಹಿಂತೆಗೆದುಕೊಂಡರು. ಇದರಿಂದ ಅವರ ಪ್ರತಿಷ್ಠೆಗೆ ಕುಂದಾಯಿತೆನ್ನುವವರುಂಟು. ಆದರೆ ನೆರೆಯ ಪಾಕಿಸ್ತಾನದಲ್ಲಿ ಹಿಂದಿನ ವರ್ಷವಷ್ಟೇ ಸೇನಾಪತಿಯು ರಾಜ್ಯಾಧಿಕಾರವನ್ನು ಕೈವಶಮಾಡಿಕೊಂಡಿದ್ದನೆಂಬುದನ್ನು ನೆನೆದರೆ, ಚುನಾಯಿತ ಸರ್ಕಾರಕ್ಕೆ ತಲೆಬಾಗಿದ ಈ ನಡೆಯ ಬೆಲೆ ಅರಿವಾಗುತ್ತದೆ.

ನಿವೃತ್ತಿಯ ನಂತರ 1964ರಲ್ಲಿ ಸೈಪ್ರಸ್ಸಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವ ವಹಿಸಿ, 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ ದ್ವೀಪರಾಷ್ಟ್ರ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು. ಅವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಸಮಾಧಿ ಮಾಡಲಾಯಿತು. ಬರ್ಮಾ, ಕಾಶ್ಮೀರಗಳಲ್ಲಿ ಶತ್ರುವನ್ನು ಗೆದ್ದ ಈ ಸೇನಾನಿಯು ಬದುಕಿನ ಕೊನೆಯ ದಿನಗಳನ್ನು ಪರಸ್ಪರ ಹೋರಾಡುತ್ತಿದ್ದ ಎರಡು ಜನಾಂಗಗಳ ನಡುವೆ ಶಾಂತಿ ಕಾಯುವುದರಲ್ಲಿ ಕಳೆದರೆಂಬುದನ್ನು ನಮ್ಮ ನಾಡಿನ ಚರಿತ್ರೆಯನ್ನು ಅಭ್ಯಸಿಸುವವರು ಮರೆಯಲಾಗದು.