ಬೆಂಗಳೂರಿನಾಚೆಗೆ ಬಂಡವಾಳ: ನೀತಿ ಒಂದೆಡೆ, ಹೆದ್ದಾರಿ ಮತ್ತೊಂದೆಡೆ

ಬೆಂಗಳೂರು: ರಾಜ್ಯದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ ಆಗಿದೆ. ಬಂಡವಾಳ ಹೂಡಿಕೆಯನ್ನು ಇತರ ಜಿಲ್ಲೆಗಳಿಗೂ ಹಂಚುವುದಾಗಿ ಸರ್ಕಾರಗಳು ದಶಕಗಳಿಂದ ಹೇಳುತ್ತ ಬಂದಿವೆ. ಆದರೆ ಹೆಬ್ಬಾಳದಿಂದ ಜಕ್ಕೂರು, ಯಲಹಂಕ ದಾಟಿ ದೇವನಹಳ್ಳಿಗೆ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದ ಚಿತ್ರ.

ಪರವಾನಗಿಯ ಕಾಲ

1956ರ ಕೈಗಾರಿಕಾ ನೀತಿ ನಿರ್ಣಯವು ಪ್ರಾದೇಶಿಕ ಸಮತೋಲನವನ್ನು ರಾಷ್ಟ್ರೀಯ ಗುರಿಯಾಗಿ ಒಪ್ಪಿಕೊಂಡಿತ್ತು. ಹಿಂದುಳಿದ ಜಿಲ್ಲೆಗಳಲ್ಲಿ ಸ್ಥಾಪನೆಯಾಗುವ ಉದ್ದಿಮೆಗಳಿಗೆ ಬಂಡವಾಳ ಸಹಾಯಧನ ನೀಡುವ ಕೇಂದ್ರದ ಯೋಜನೆ 1971ರಲ್ಲಿ ಜಾರಿಗೆ ಬಂತು. 1991ರ ಉದಾರೀಕರಣದೊಂದಿಗೆ ಬಹುತೇಕ ಉದ್ದಿಮೆಗಳಿಗೆ ಪರವಾನಗಿಯ ಅಗತ್ಯವೇ ಇಲ್ಲವಾಯಿತು. ಅಂದಿನಿಂದ ರಿಯಾಯಿತಿ ನೀಡಿ ಹೂಡಿಕೆದಾರರನ್ನು ಸೆಳೆಯುವ ಹೊಣೆ ಮುಖ್ಯವಾಗಿ ರಾಜ್ಯಗಳ ಮೇಲೆ ಬಿದ್ದಿತು.

ನಂಜುಂಡಪ್ಪ ಸಮಿತಿ

ಕರ್ನಾಟಕದ ಅಸಮತೋಲನವನ್ನು ಅಳೆದು ತೋರಿಸಿದ್ದು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಉನ್ನತಾಧಿಕಾರ ಸಮಿತಿ. 2000ದಲ್ಲಿ ರಚನೆಯಾದ ಸಮಿತಿ 2002ರ ಜೂನ್‌ನಲ್ಲಿ ವರದಿ ಸಲ್ಲಿಸಿತು. ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿ, ಅವುಗಳಲ್ಲಿ 39ನ್ನು ‘ಅತ್ಯಂತ ಹಿಂದುಳಿದ’, 40ನ್ನು ‘ಅತಿ ಹಿಂದುಳಿದ’, 35ನ್ನು ‘ಹಿಂದುಳಿದ’ ಎಂದು ವರ್ಗೀಕರಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. ಅವುಗಳಲ್ಲಿ 21 ಕಲಬುರಗಿ ವಿಭಾಗಕ್ಕೆ ಸೇರಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂ. ವೆಚ್ಚದ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತ್ತು.

ಸಂವಿಧಾನದ 371 (ಜೆ) ವಿಧಿಯು 2013ರಿಂದ ಅಂದಿನ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡಿತು. ಅದರನ್ವಯ ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿ ಹಾಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆತವು. ಖಾಸಗಿ ಬಂಡವಾಳಕ್ಕೆ ಮಾತ್ರ ಅದು ನೇರವಾಗಿ ದಾರಿ ತೋರುವುದಿಲ್ಲ.

ಮೂರು ವಲಯಗಳು

ಆ ಕೆಲಸ ಕೈಗಾರಿಕಾ ನೀತಿಗೆ ಸೇರಿದ್ದು. 2020-25 ಹಾಗೂ 2025-30ರ ನೀತಿಗಳು ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿವೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಮೂರನೇ ವಲಯಕ್ಕೆ ಸೇರಿಸಿ, ಉಳಿದೆರಡು ವಲಯಗಳಿಗೆ ಹೆಚ್ಚಿನ ಪ್ರೋತ್ಸಾಹ ಪ್ರಕಟಿಸಲಾಗಿದೆ. 2025ರ ಫೆಬ್ರುವರಿಯ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂ. ಹೂಡಿಕೆಯ ಭರವಸೆ ದೊರೆತಿದ್ದು, ಅದರಲ್ಲಿ ಶೇ. 45ರಷ್ಟು ಉತ್ತರ ಕರ್ನಾಟಕಕ್ಕೆ ಎಂದು ಸರ್ಕಾರ ಪ್ರಕಟಿಸಿತು. ಆದರೆ ಒಡಂಬಡಿಕೆಯೇ ಕಾರ್ಖಾನೆಯಲ್ಲ. ಭೂಮಿ, ನೀರು, ವಿದ್ಯುತ್ ದೊರೆತ ಬಳಿಕವಷ್ಟೇ ಅದು ಉದ್ಯೋಗವಾಗಿ ಮಾರ್ಪಡುತ್ತದೆ.

ಉತ್ತರ ಬೆಂಗಳೂರಿನ ವೈರುಧ್ಯ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ವೈಮಾನಿಕ ತರಬೇತಿ ಶಾಲೆ ಮತ್ತು ಕೆರೆಗೆ ಹೆಸರಾಗಿದ್ದ ಜಕ್ಕೂರು ವಿಮಾನ ನಿಲ್ದಾಣದ ಹಾದಿಯ ಬಡಾವಣೆಯಾಯಿತು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೇ ದೇವನಹಳ್ಳಿ ತಾಲ್ಲೂಕಿನಲ್ಲಿ ವೈಮಾನಿಕ ಮತ್ತು ಹಾರ್ಡ್‌ವೇರ್ ಪಾರ್ಕ್‌ಗಳನ್ನು ರೂಪಿಸಿತು. ರಿಯಾಯಿತಿ ದೂರದ ತಾಲ್ಲೂಕುಗಳಿಗೆ, ರಸ್ತೆ ಮತ್ತು ರನ್‌ವೇ ರಾಜಧಾನಿಗೆ ಎಂಬಂತಾಯಿತು.

ಇದರ ಬೆಲೆ ತೆರುವವರು ಎರಡೂ ಕಡೆ ಇದ್ದಾರೆ. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಸಾವಿರಕ್ಕೂ ಹೆಚ್ಚು ದಿನ ಹೋರಾಡಿದರು. ಸ್ವಾಧೀನ ಪ್ರಸ್ತಾವ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಪ್ರಕಟಿಸಿದರು. ಅತ್ತ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಕಾರ್ಮಿಕರು ಕೆಲಸ ಅರಸಿ ರಾಜಧಾನಿಗೆ ಗುಳೆ ಬರುವುದು ನಿಂತಿಲ್ಲ.

ಬೆಳಗಾವಿಯ ಪಾಠ

ಹಂಚಿಕೆ ಅಸಾಧ್ಯವೇನಲ್ಲ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಇಂದು ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಫೌಂಡ್ರಿ ಮತ್ತು ಯಂತ್ರೋಪಕರಣ ಕೆಲಸದಲ್ಲಿ ಬೆಳಗಾವಿಗಿದ್ದ ಹಳೆಯ ಪರಿಣತಿ, ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿ ಅಲ್ಲಿನ ಅನುಕೂಲಗಳು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ಆಟಿಕೆ ಕ್ಲಸ್ಟರ್‌ಗೆ ಶಂಕುಸ್ಥಾಪನೆ ನಡೆಯಿತು.

ಸಹಾಯಧನ ಉದ್ಯಮಿಯನ್ನು ಕರೆತರಬಹುದು. ಉಳಿಸಿಕೊಳ್ಳುವುದು ರಸ್ತೆ, ನೀರು, ಐಟಿಐ ಮತ್ತು ಆಸ್ಪತ್ರೆ. ಅಸಮತೋಲನದ ಮರು ಅಧ್ಯಯನಕ್ಕಾಗಿ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು. ತಾಲ್ಲೂಕುಗಳ ಪಟ್ಟಿ ಎಷ್ಟೇ ಪರಿಷ್ಕೃತವಾದರೂ ಸರ್ಕಾರದ ಸ್ವಂತ ಬಂಡವಾಳ ಮೊದಲು ಅಲ್ಲಿಗೆ ತಲುಪದಿದ್ದರೆ, ಖಾಸಗಿ ಬಂಡವಾಳ ಹೆಬ್ಬಾಳದ ಮೇಲ್ಸೇತುವೆಯ ಹಾದಿಯನ್ನೇ ಹಿಡಿಯುತ್ತದೆ.