ಹುಳದ ಮನೆ ನಡೆದು ಬಂದ ದಾರಿ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಬೇಕು: ಹುಳದ ಮನೆ ಕಟ್ಟಿ ನೋಡು. ಸಂಘದ ಲೆಕ್ಕಪತ್ರ, ಪ್ರಗತಿಯ ವಿಚಾರವನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ರೇಷ್ಮೆ ಹುಳ ಸಾಕುವ ಮನೆಯ ಚರಿತ್ರೆಯನ್ನು ನಮಗೆ ತಿಳಿದ ಮಟ್ಟಿಗೆ ನಾವು ಇಲ್ಲಿ ಬರೆಯುತ್ತಿದ್ದೇವೆ.

ಮೈಸೂರು ಸೀಮೆಗೆ ರೇಷ್ಮೆ ಬಂದಿದ್ದು 18ನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. 19ನೇ ಶತಮಾನದ ಕೊನೆಗೆ ಜೆಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಕ್ರಮದ ರೇಷ್ಮೆ ತೋಟ ಮಾಡಿಸಿದರು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ರೇಷ್ಮೆಗೇ ಒಂದು ಇಲಾಖೆಯಾಯಿತು. ಮೊಟ್ಟೆ ಸುಧಾರಿಸಿತು, ಸೊಪ್ಪು ಸುಧಾರಿಸಿತು. ಆದರೆ ಹುಳ ಇರುವ ಜಾಗ ಮಾತ್ರ ನಮ್ಮ ವಾಸದ ಮನೆಯೇ ಆಗಿತ್ತು.

ನಡುಮನೆಯಲ್ಲಿ ಬಿದಿರಿನ ತಟ್ಟೆಗಳು ಸೂರಿನವರೆಗೂ ಇರುತ್ತಿದ್ದವು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿನ ಕೆಳಗೆ ನೀರಿನ ಬಟ್ಟಲು. ಹುಳ ನಾಲ್ಕನೇ ಜ್ವರ ಎದ್ದಿತೆಂದರೆ ಹುಳ ಒಳಗೆ, ಮನೆಮಂದಿ ಜಗಲಿಗೆ. ನಮ್ಮಜ್ಜಿ ಆ ದಿನಗಳಲ್ಲಿ ಮೆಣಸಿನಕಾಯಿ ಹುರಿಯುತ್ತಿರಲಿಲ್ಲ, ನೆಂಟರನ್ನೂ ಒಳಗೆ ಬಿಡುತ್ತಿರಲಿಲ್ಲ. ರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದವರೆಲ್ಲ ಹೆಣ್ಣುಮಕ್ಕಳೇ.

100 ಮೊಟ್ಟೆ ಎಂದರೆ 40ರಿಂದ 50 ಸಾವಿರ ಹುಳ. ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚು ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲೆ. ಅಷ್ಟು ಹುಳದ ಉಸಿರು, ಹಿಕ್ಕೆ, ಹಸಿ ಸೊಪ್ಪಿನ ತೇವ ಎಲ್ಲಾ ಒಂದೇ ಕೋಣೆಯಲ್ಲಿ. ಬೆಳೆ ಮುಗಿದ ಮೇಲೆ ಗೋಡೆ, ನೆಲ, ತಟ್ಟೆಗೆ ಫಾರ್ಮಾಲಿನ್ ಹೊಡೆದು ಬಾಗಿಲು ಮುಚ್ಚಬೇಕು. ಅಡುಗೆ ಮಾಡುವ, ಮಗು ಮಲಗುವ ಮನೆಯಲ್ಲಿ ಅದು ಆಗುವ ಮಾತೇ? ಹಾಗಾಗಿ ಒಂದು ಬೆಳೆಯ ಹಾಲು ತೊಂಡೆ, ಸುಣ್ಣಕಟ್ಟು ಇನ್ನೊಂದು ಬೆಳೆಗೂ ಅಂಟುತ್ತಿತ್ತು.

1980ರಲ್ಲಿ ಕರ್ನಾಟಕಕ್ಕೆ ಊಜಿ ನೊಣ ಬಂತು. ಹುಳದ ಮೈಮೇಲೆ ಇಟ್ಟ ಮೊಟ್ಟೆಯಿಂದ ಮರಿ ಒಳಗೆ ಹೊಕ್ಕು, ಹುಳವನ್ನು ತಿಂದು, ಕೆಲವು ಸಲ ಗೂಡನ್ನೇ ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡು ನೂಲಿಗೆ ಬರುವುದಿಲ್ಲ. ಕಿಟಕಿ ಬಾಗಿಲಿಗೆಲ್ಲ ಬಲೆ ಹಾಕಿ ಎಂದರು. ದನ, ಜನ, ಮಕ್ಕಳು ದಿನಕ್ಕೆ ನೂರು ಸಲ ಓಡಾಡುವ ಬಾಗಿಲಿಗೆ ಎಂಥಾ ಬಲೆ? ಹುಳಕ್ಕೆ ಬೇರೆ ಮನೆ ಬೇಕು ಎಂಬ ಮಾತು ನಮ್ಮವರ ತಲೆಗೆ ಹತ್ತಿದ್ದು ಆವಾಗ.

1991ರಲ್ಲಿ ಜಪಾನಿನ ಸಹಕಾರದಿಂದ ದ್ವಿತಳಿ ಯೋಜನೆ ಶುರುವಾಯಿತು. ದ್ವಿತಳಿ ಹುಳ ಬಿಳಿ ಗೂಡು ಕಟ್ಟುತ್ತದೆ, ನೂಲು ಹೆಚ್ಚು, ಆದರೆ ಸೂಕ್ಷ್ಮ. ಚಾಕಿಯಲ್ಲಿ 26ರಿಂದ 28 ಡಿಗ್ರಿ ಬಿಸಿ, ಹೆಚ್ಚು ತೇವ ಬೇಕು. ದೊಡ್ಡ ಹುಳಕ್ಕೆ 24-25 ಡಿಗ್ರಿ ತಂಪು, ಒಳ್ಳೆಯ ಗಾಳಿ ಬೇಕು. ಸೊಪ್ಪು ಬಿಡಿಸಿ ಹಾಕುವ ಬದಲು ರೆಂಬೆಯನ್ನೇ ಹಾಕುವ ಪದ್ಧತಿ ಬಂದು ಹೆಣ್ಣುಮಕ್ಕಳ ಕೆಲಸ ಹಗುರಾಯಿತು. ತಟ್ಟೆ ಹೋಗಿ ಉದ್ದನೆಯ ಅಟ್ಟಣೆ ಬಂತು, ಅದಕ್ಕೆ ತಕ್ಕಂತೆ ಮನೆಯೂ ದೊಡ್ಡದಾಗಬೇಕಾಯಿತು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಸಾಲ ಮಾಡಿ ನಾವು ಕಟ್ಟಿದ ಮೊದಲ ಹುಳದ ಮನೆಗೆ ಉದ್ದ ಗೋಡೆಯನ್ನು ಪಡುವಣಕ್ಕೆ ನಿಲ್ಲಿಸಿದೆವು. ಖರ್ಚು ಉಳಿಯಲೆಂದು ಶೀಟು ಹೊದಿಸಿದೆವು. ಸುತ್ತ ಒಂದು ಮರವಿಲ್ಲ. ಬೇಸಿಗೆಯ ಬೆಳೆ ಹಣ್ಣಾಗಲು ಎರಡು ದಿನ ಇರುವಾಗ ಹುಳ ಸೊಪ್ಪು ಬಿಟ್ಟವು, ಮೆತ್ತಗಾದವು. ಸಪ್ಪೆ ರೋಗ. ಒಂದು ಚಂದ್ರಿಕೆಯೂ ತುಂಬಲಿಲ್ಲ. ಹುಳವನ್ನು ಗುಂಡಿಗೆ ಹಾಕಿ ಸುಣ್ಣ ಸುರಿದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆಮೇಲೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದೆವು, ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆವು, ಪಡುವಣಕ್ಕೆ ಮರ ನೆಟ್ಟೆವು. ಅದೇ ಮನೆಯಲ್ಲಿ ಇಂದಿಗೂ ಗೂಡು ಎತ್ತುತ್ತಿದ್ದೇವೆ.

ಆದ್ದರಿಂದಲೇ ಸಾಲದ ಅರ್ಜಿ ಬಂದಾಗ ಆಡಳಿತ ಮಂಡಳಿಯಲ್ಲಿ ನಾವು ಕೇಳುವುದು ಇಷ್ಟು: ಉದ್ದ ಮೂಡಣ-ಪಡುವಣಕ್ಕೆ ಇದೆಯೇ? ಎದುರುಬದುರು ಕಿಟಕಿ, ಮೇಲೆ ಬಿಸಿಗಾಳಿ ಹೋಗುವ ಕಂಡಿ, ಬಲೆ ಇವೆಯೇ? ಚಾಕಿಗೆ ಬೇರೆ ಕೋಣೆ ಇದೆಯೇ? ಕೆಲವರಿಗೆ ಇದು ಕಿರಿಕಿರಿ. ಕಳೆದುಕೊಂಡವರಿಗೆ ಅದರ ಬೆಲೆ ಗೊತ್ತು.

ಮನೆ ಚೆನ್ನಾಗಿದ್ದರೆ ಸಾಲದು ಎಂಬುದನ್ನೂ ಕಂಡಿದ್ದೇವೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿದಾಗ ಗೂಡಿನ ದರ ಕುಸಿಯಿತು. ಎಷ್ಟೋ ಹುಳದ ಮನೆಗಳಿಗೆ ಬೀಗ ಬಿತ್ತು. ಆ ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗಿದ್ದರಿಂದಲೇ ನಾವು ಈ ಬೆಳ್ಳಿಹಬ್ಬ ಕಾಣುತ್ತಿದ್ದೇವೆ. ಹುಳಕ್ಕೆ ತಂಪು ಮನೆ ಹೇಗೋ, ರೈತನಿಗೆ ಸಂಘ ಹಾಗೆ. ಮುಚ್ಚಿದ ಬೀಗಗಳು ತೆರೆಯಲಿ, ನಮ್ಮ ಮಕ್ಕಳು ಸುವರ್ಣ ಮಹೋತ್ಸವವನ್ನೂ ಮಾಡಲಿ ಎಂದು ಹಾರೈಸಿ ವಿರಮಿಸುತ್ತೇವೆ.