ಮೂಲೆ ಮಡಚಿದ ಪುಟ

ಮನೆ ಬದಲಿಸುವಾಗ ತಾತನ ಪುಸ್ತಕಗಳ ಪೆಟ್ಟಿಗೆ ಬಿಚ್ಚಿದೆ. ಹೊಸ ಮನೆಯಲ್ಲಿ ಜಾಗ ಕಮ್ಮಿ. ಅರ್ಧ ಮಾರಿಬಿಡೋಣ ಅಂತ ಆ್ಯಪ್ ತೆರೆದರೆ ಮೊದಲ ಪ್ರಶ್ನೆಯೇ ಪುಸ್ತಕದ ಸ್ಥಿತಿ ಹೇಗಿದೆ ಅನ್ನೋದು. ಕೈಯಲ್ಲಿದ್ದದ್ದು ಒಂದು ವ್ಯಾಕರಣದ ಪುಸ್ತಕ. ರಟ್ಟು ಕಿತ್ತುಬಂದಿದೆ, ಹೊಲಿಗೆ ಬಿಟ್ಟಿದೆ, ಹತ್ತಾರು ಪುಟಗಳ ಮೂಲೆ ಮಡಚಿದೆ. ಚೆನ್ನಾಗಿ ಕಾಣಲಿ ಅಂತ ನಾಲ್ಕು ಮೂಲೆ ಬಿಡಿಸಿದೆ. ಆಮೇಲೂ ಏನಂತ ಬರೆಯೋದು ತಿಳಿಯಲಿಲ್ಲ.

ಮಡಚಿದ ಮೂಲೆಗೆ ಇಂಗ್ಲಿಷಿನವರು 17ನೇ ಶತಮಾನದಿಂದಲೂ ನಾಯಿಕಿವಿ ಅಂತಾರೆ. ಜರ್ಮನ್ನರಿಗೆ ಅದು ಕತ್ತೆಕಿವಿ. ನಮ್ಮಲ್ಲಿ ಪುಟಕ್ಕೂ ಕಿವಿಗೂ ಬೇರೆಯದೇ ನಂಟು. ಬರೆಯುವ ತಾಳೆಗರಿಯೂ ಓಲೆ, ಕಿವಿಗೆ ಹಾಕೋದೂ ಓಲೆ. ಗರಿಯನ್ನೇ ಸುರುಳಿ ಸುತ್ತಿ ಕಿವಿಗೆ ತೊಡುತ್ತಿದ್ದ ಕಾಲದ ನೆನಪು ಅದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಎರಡೂ ಅರ್ಥ ಇವೆ.

ಆದರೆ ಓಲೆಯ ಮೂಲೆ ಮಡಚೋಕೆ ಆಗಲ್ಲ. ಒಣಗಿದ ಗರಿ ಪಟ್ಟಂತ ಮುರಿಯುತ್ತೆ. ಅದಕ್ಕೇ ಅದಕ್ಕೆ ಎಣ್ಣೆ ಸವರಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು, ದಾರ ಕಟ್ಟಿ ಇಡುತ್ತಿದ್ದರು. ಅಂಚು ಮುರಿದು ಅಕ್ಷರ ಹೋದರೆ ಪಂಡಿತರು 'ತ್ರುಟಿತ' ಅಂತ ಬರೆದರು. ಮುಟ್ಟಿದರೆ ಪುಡಿಯಾಗುವಂಥದ್ದು 'ಶಿಥಿಲ'. ಈ ಮಾತುಗಳು ಕಳೆದುಹೋದದ್ದರ ಲೆಕ್ಕ ಹೇಳುತ್ತವೆ, ಓದಿದವರ ಸುದ್ದಿ ಎತ್ತುವುದಿಲ್ಲ.

ಮಡಿಕೆಯೇ ಪುಸ್ತಕವಾಗಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ ಅದರಲ್ಲಿತ್ತು. ಶೃಂಗೇರಿ ಮಠದ ದಾಖಲೆಗಳೂ ಅದರಲ್ಲಿವೆ. ಬಟ್ಟೆ ಹೋಯಿತು, ಹೆಸರು ಉಳಿಯಿತು. ಸರ್ಕಾರಿ ಕಚೇರಿಯ ಮೇಜಿನ ಮೇಲೆ ಧೂಳು ತಿನ್ನುವ ಫೈಲು ಇವತ್ತಿಗೂ ಕಡತವೇ.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಅಚ್ಚಿನ ಪುಸ್ತಕ ಮನೆಮನೆಗೆ ಬರೋಕೆ ಇನ್ನೂ ಬಹಳ ಕಾಲ ಹಿಡಿಯಿತು. ಅದು ಬಂದ ಮೇಲೆ, ಮಡಚಿದರೂ ಮುರಿಯದ ಮೂಲೆ ಸಾಮಾನ್ಯ ಓದುಗನ ಕೈಗೆ ಸಿಕ್ಕಿತು. ಇಲ್ಲಿಯವರೆಗೆ ಓದಿದ್ದೇನೆ, ನಾಳೆ ಮತ್ತೆ ಬರ್ತೀನಿ ಅಂತ ಗುರುತು ಹಾಕೋದು ಸುಲಭವಾಯಿತು.

ಇದನ್ನೆಲ್ಲ ಯೋಚಿಸುತ್ತಾ ತಾತನ ಪುಸ್ತಕ ಮತ್ತೆ ತಿರುವಿದೆ. ಸಂಧಿಯ ಪಾಠದಲ್ಲಿ ಪುಟಪುಟಕ್ಕೂ ಮಡಿಕೆ. ಸಮಾಸದ ನಡುವೆ ಒಂದು. ಅಲ್ಲಿಂದಾಚೆ ಒಂದೂ ಇಲ್ಲ, ಹಾಳೆಗಳು ಹೊಸದರಂತಿವೆ. ಅಮ್ಮನನ್ನು ಕೇಳಿದೆ. "ಅವರಪ್ಪ ತೀರಿಕೊಂಡ ವರ್ಷ ಕಣೋ. ಓದು ಬಿಟ್ಟು ಅಂಗಡೀಲಿ ಕೂತರು" ಅಂದಳು. ತಾತ ಅದನ್ನು ನಮ್ಮ ಹತ್ತಿರ ಒಮ್ಮೆಯೂ ಹೇಳಿದವರಲ್ಲ.

ಕನ್ನಡದಲ್ಲಿ 'ಸವೆದದ್ದು' ಅಂತ ಒಂದು ಮಾತಿದೆ. ಒರಳು ಸವೆಯುತ್ತೆ, ಮೆಟ್ಟಿಲು ಸವೆಯುತ್ತೆ, ಚಪ್ಪಲಿ ಸವೆಯುತ್ತೆ. ಯಾರೋ ದಿನಾ ಬಳಸಿದ್ದಾರೆ ಅನ್ನೋದು ಆ ಮಾತಿನೊಳಗೇ ಇದೆ. ಆ್ಯಪಿನ ಪಟ್ಟಿಯಲ್ಲಿ ಅದಿರಲಿಲ್ಲ.

ಉಳಿದ ಪುಸ್ತಕಗಳು ಮಾರಾಟವಾದವು. ಇದನ್ನು ಇಟ್ಟುಕೊಂಡೆ. ನಾನು ಬಿಡಿಸಿದ್ದ ನಾಲ್ಕು ಮೂಲೆಗಳಲ್ಲಿ ಗೆರೆ ಇನ್ನೂ ಇತ್ತು. ಅದೇ ಗೆರೆಯ ಮೇಲೆ ವಾಪಸ್ ಮಡಚಿಟ್ಟೆ.